ಹದಿಮೂರನೆಯ ಸೇರು

ನಮ್ಮ ಹಳೆಯ ಮನೆಯ ಅಡುಗೆಕೋಣೆಯ ಗೋಡೆಯಲ್ಲಿ ಒಂದು ಗೂಡು ಇತ್ತು. ಅದರಲ್ಲಿ ಯಾವಾಗಲೂ ಮೂರು ಪಾತ್ರೆಗಳನ್ನು ಕವುಚಿ ಇಟ್ಟಿರುತ್ತಿದ್ದರು. ದೊಡ್ಡದು ಸೇರು. ನಡುವಿನದು ಪಾವು. ಸಣ್ಣದು ಅರ್ಧ ಪಾವು. ನಾಲ್ಕು ಪಾವು ಸೇರಿದರೆ ಒಂದು ಸೇರು. ಸೇರು ಮರದ್ದು. ಅದರ ಬಾಯಿಗೆ ಸುತ್ತಲೂ ಕಬ್ಬಿಣದ ಪಟ್ಟಿ ಇತ್ತು. ಎಷ್ಟೋ ವರ್ಷ ಅಕ್ಕಿ ಅಳೆದು ಅಳೆದು ಅದರ ಒಳಭಾಗ ಕನ್ನಡಿಯಂತೆ ನುಣುಪಾಗಿತ್ತು.

ಅಟ್ಟದ ಮೇಲೆ ಅಕ್ಕಿಯ ಮುಡಿಗಳಿದ್ದವು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ ಒಂದು ಮುಡಿಗೆ ನಲವತ್ತೆರಡು ಸೇರು. ಈ ಲೆಕ್ಕವನ್ನು ಅಜ್ಜಿ ನನಗೆ ಮಗ್ಗಿ ಕಲಿಸುವ ಮೊದಲೇ ಕಲಿಸಿದ್ದರು.

ನೆರೆಮನೆಯವರ ಮಾತು ಮಲಯಾಳ. ಅವರ ಮನೆಯಲ್ಲಿದ್ದದ್ದು ನಾಳಿ ಮತ್ತು ಇಡಂಗಳಿ. ನಾಲ್ಕು ನಾಳಿಗೆ ಒಂದು ಇಡಂಗಳಿ, ಹತ್ತು ಇಡಂಗಳಿಗೆ ಒಂದು ಪರ. ಎರಡು ಮನೆಗಳ ನಡುವೆ ಅಕ್ಕಿಯ ಸಾಲ ನಡೆದೇ ಇರುತ್ತಿತ್ತು. ನೆಂಟರು ಬಂದರೆ ನಾವು ಅಲ್ಲಿಗೆ ಓಡುತ್ತಿದ್ದೆವು, ಅವರು ಇಲ್ಲಿಗೆ ಬರುತ್ತಿದ್ದರು. ಅಳತೆ ಬೇರೆ ಬೇರೆ ಆದರೂ ಜಗಳವಾದದ್ದು ನನಗೆ ನೆನಪಿಲ್ಲ. ಯಾವ ಪಾತ್ರೆಯಲ್ಲಿ ಅಳೆದು ಒಯ್ದರೋ ಅದೇ ಪಾತ್ರೆಯಲ್ಲಿ ಅಳೆದು ಮರಳಿ ಕೊಡಬೇಕು, ಅಷ್ಟೇ.

ಶಾಲೆಯಲ್ಲಿ ಮಾತ್ರ ಸೇರೂ ಇರಲಿಲ್ಲ, ನಾಳಿಯೂ ಇರಲಿಲ್ಲ. ಗಣಿತ ಪುಸ್ತಕದ ತುಂಬ ಕಿಲೋಗ್ರಾಂ, ಗ್ರಾಂ, ಲೀಟರ್. ಅದಕ್ಕೆ ಕಾರಣವೂ ಇತ್ತು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಒಂದೇ ರೀತಿಯ ತೂಕ ಮತ್ತು ಅಳತೆ ಇರಬೇಕೆಂಬ ಕಾನೂನು ಬಂತು. 1958ರಿಂದ ಕಿಲೋಗ್ರಾಂ ಸ್ವಲ್ಪ ಸ್ವಲ್ಪವಾಗಿ ಅಂಗಡಿಗಳಿಗೆ ಕಾಲಿಟ್ಟಿತು. ರಾಜ್ಯ ಒಂದೇ ರಾತ್ರಿಯಲ್ಲಿ ಬದಲಾಯಿತು. ಆದರೆ ನಮ್ಮ ಗೋಡೆಯ ಗೂಡಿನಲ್ಲಿ ಕುಳಿತ ಸೇರು ಇಪ್ಪತ್ತು ವರ್ಷ ಕಳೆದರೂ ಅಲ್ಲಿಂದ ಏಳಲಿಲ್ಲ.

ಮೂರನೆಯ ತರಗತಿಯಲ್ಲಿದ್ದಾಗ ಒಂದು ದಿನ ನಾನು ಅಜ್ಜಿಯನ್ನು ಕೇಳಿದೆ, “ಅಜ್ಜೀ, ಒಂದು ಸೇರು ಅಂದರೆ ಎಷ್ಟು ಕಿಲೋ?”

ಅಜ್ಜಿ ಗೆರಸೆಯಲ್ಲಿ ಅಕ್ಕಿ ಗೇರುತ್ತಿದ್ದರು. ತಲೆ ಎತ್ತದೆಯೇ ಕೇಳಿದರು, “ಯಾವುದರ ಸೇರು ಮಗಾ? ಅಕ್ಕಿಯದ್ದೋ, ಹೊದಳಿನದ್ದೋ?”

ಅಜ್ಜಿಗೆ ಉತ್ತರ ಗೊತ್ತಿಲ್ಲ, ಅದಕ್ಕೇ ನನ್ನ ಪ್ರಶ್ನೆಗೆ ಇನ್ನೊಂದು ಪ್ರಶ್ನೆ ಹಾಕಿದರು ಎಂದುಕೊಂಡು ನಾನು ಆಟಕ್ಕೆ ಓಡಿದೆ. ಅಜ್ಜಿಯ ಆ ಪ್ರಶ್ನೆಯೇ ಉತ್ತರವಾಗಿತ್ತು ಎಂದು ತಿಳಿಯಲು ನಾನು ಮಾಷ್ಟ್ರಾಗಬೇಕಾಯಿತು. ಒಂದು ದೊಡ್ಡ ತಪ್ಪನ್ನೂ ಮಾಡಬೇಕಾಯಿತು. ಆ ತಪ್ಪನ್ನು ನಿಮಗೆ ಹೇಳುತ್ತೇನೆ.

1998ರ ಜೂನ್ ತಿಂಗಳು. ಜಡಿಮಳೆ. ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಒಂದು ಶಾಲೆಗೆ ನಾನು ಹೊಸದಾಗಿ ಹೋಗಿದ್ದೆ. ಹೊಸಬನಾದ ಕಾರಣ ಮಧ್ಯಾಹ್ನದ ಊಟದ ಲೆಕ್ಕ ನನ್ನ ಪಾಲಿಗೆ ಬಂತು. ಊಟವೆಂದರೆ ಕುಚ್ಚಲಕ್ಕಿಯ ಗಂಜಿ ಮತ್ತು ಹೆಸರುಕಾಳು. ಉಣ್ಣುವ ಮಕ್ಕಳು ನೂರ ಇಪ್ಪತ್ತು. ಒಬ್ಬರಿಗೆ ದಿನಕ್ಕೆ ನೂರು ಗ್ರಾಂ ಅಕ್ಕಿ. ನೂರ ಇಪ್ಪತ್ತನ್ನು ನೂರರಿಂದ ಗುಣಿಸಿದರೆ ಹನ್ನೆರಡು ಸಾವಿರ ಗ್ರಾಂ, ಅಂದರೆ ಹನ್ನೆರಡು ಕಿಲೋ. ನನಗಿಂತ ಮೊದಲಿದ್ದ ಮಾಷ್ಟ್ರು ಪುಸ್ತಕದಲ್ಲಿ ಪ್ರತಿದಿನ ಹನ್ನೆರಡು ಕಿಲೋ ಎಂದೇ ಬರೆದಿದ್ದರು.

ಶಾಲೆಯಲ್ಲಿ ತಕ್ಕಡಿ ಇರಲಿಲ್ಲ. ಅಡುಗೆಯ ಅಕ್ಕ ತನ್ನ ಮನೆಯಿಂದ ಒಂದು ಹಿತ್ತಾಳೆಯ ಸೇರು ತಂದಿಟ್ಟಿದ್ದಳು. ಬೆಳಿಗ್ಗೆ ಬಂದವಳೇ ಗೋಣಿಯ ಬಾಯಿ ಬಿಚ್ಚಿ, ಸೇರನ್ನು ಅಕ್ಕಿಯೊಳಗೆ ಹೂತು ಎತ್ತಿ ಚರಿಗೆಗೆ ಸುರಿಯುತ್ತಿದ್ದಳು. ಎಣಿಕೆ ಗಟ್ಟಿಯಾಗಿ ಹೇಳುತ್ತಿದ್ದಳು. ಎರಡನೆಯ ದಿನ ನಾನು ಬಾಗಿಲಲ್ಲಿ ನಿಂತು ಕೇಳಿದೆ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು!

ಪುಸ್ತಕದಲ್ಲಿ ಹನ್ನೆರಡು, ಇಲ್ಲಿ ಹದಿಮೂರು. ಹಾಗಾದರೆ ಒಂದು ಸೇರು ಎಲ್ಲಿಗೆ ಹೋಗುತ್ತದೆ?

ಹಳೆಯ ಗಣಿತ ಪುಸ್ತಕವೊಂದರಲ್ಲಿ ಒಂದು ಸೇರು ಎಂದರೆ ಎಂಬತ್ತು ತೊಲ, ಸುಮಾರು 933 ಗ್ರಾಂ ಎಂದು ನಾನು ಓದಿದ್ದೆ. ಕಿಲೋಗೆ ಹತ್ತಿರವೇ ಇದೆಯಲ್ಲ, ಸೇರೂ ಕಿಲೋವೂ ಒಂದೇ ಎಂದು ಹಿಡಿದರೆ ಏನು ತಪ್ಪು ಎಂದುಕೊಂಡೆ. ಅಕ್ಕನನ್ನು ಕರೆದು ಹೇಳಿದೆ, “ಅಕ್ಕ, ನಾಳೆಯಿಂದ ಹನ್ನೆರಡೇ ಸೇರು ಹಾಕಿ. ಬಾಯಿ ಸವರಿ ಅಳೆಯಿರಿ. ಹದಿಮೂರನೆಯದು ಬೇಡ.”

ಕಳ್ಳತನ ಎಂಬ ಮಾತನ್ನು ನಾನು ಆಡಲಿಲ್ಲ. ಆದರೆ ಆಡದ ಮಾತೂ ಕೇಳಿಸುತ್ತದೆ. ಅಕ್ಕನ ಮುಖ ಸಣ್ಣದಾಯಿತು. “ಸೇರು ಕಿಲೋ ಆಗುವುದಿಲ್ಲ ಮಾಷ್ಟ್ರೇ,” ಎಂದಳು. “ನೀವು ಓದಿದವರು. ನೀವು ಹೇಳಿದ ಹಾಗೆ ಮಾಡುತ್ತೇನೆ.”

ಮರುದಿನದಿಂದ ನಾನು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲತೊಡಗಿದೆ. ಅವಳು ಪ್ರತಿ ಸೇರಿನ ಬಾಯಿಯನ್ನು ಬೆರಳಿನಿಂದ ಸವರಿ ಹನ್ನೆರಡು ಎಣಿಸುತ್ತಿದ್ದಳು. ಗಟ್ಟಿಯಾಗಿ ಅಲ್ಲ, ಮನಸ್ಸಿನಲ್ಲೇ.

ಅನ್ನವಾದರೆ ಕಡಿಮೆಯಾದದ್ದು ಕಣ್ಣಿಗೆ ಕಾಣುತ್ತದೆ. ಗಂಜಿಯಲ್ಲಿ ಕಾಣುವುದಿಲ್ಲ, ನೀರು ಅದನ್ನು ಮುಚ್ಚಿಬಿಡುತ್ತದೆ. ಚರಿಗೆ ಮೊದಲಿನಷ್ಟೇ ತುಂಬಿರುತ್ತಿತ್ತು. ಎಲ್ಲ ಮಕ್ಕಳಿಗೂ ಬಟ್ಟಲು ತುಂಬ ಗಂಜಿ ಸಿಗುತ್ತಿತ್ತು. ನಾನು ನಿಶ್ಚಿಂತೆಯಿಂದ ಇದ್ದೆ. ಎರಡನೆಯ ತರಗತಿಯ ಹುಡುಗನೊಬ್ಬ, ಯಾವಾಗಲೂ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದವನು, ಒಂದು ದಿನ ಬಟ್ಟಲಿನಲ್ಲಿ ಬೆರಳಾಡಿಸುತ್ತ, “ಮಾಷ್ಟ್ರೇ, ಈಗ ಗಂಜಿಯಲ್ಲಿ ಅಗುಳು ಹುಡುಕಬೇಕು,” ಎಂದ. ಉಳಿದ ಮಕ್ಕಳು ನಕ್ಕರು. ನಾನೂ ನಕ್ಕೆ. ಮಧ್ಯಾಹ್ನದ ಕೊನೆಯ ಪಾಠದ ಹೊತ್ತಿಗೆ ಅವನು ಮೇಜಿನ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದ. ಮಳೆಗಾಲದ ಮಂಪರು ಎಂದುಕೊಂಡೆ.

ಇಪ್ಪತ್ತು ದಿನ ಹೀಗೆ ನಡೆಯಿತು. ಲೆಕ್ಕ ಮುಗಿಸಲು ಉಗ್ರಾಣದ ಬಾಗಿಲು ತೆರೆದೆ. ಐವತ್ತು ಕಿಲೋದ ಆರು ಗೋಣಿ ಅಕ್ಕಿ ಬಂದಿತ್ತು, ಒಟ್ಟು ಮುನ್ನೂರು ಕಿಲೋ. ಇಪ್ಪತ್ತು ದಿನಕ್ಕೆ ಹನ್ನೆರಡರಂತೆ ಇನ್ನೂರ ನಲವತ್ತು ಕಿಲೋ ಖರ್ಚು. ಉಳಿಯಬೇಕಾದದ್ದು ಅರವತ್ತು. ಅಂದರೆ ಒಂದು ತುಂಬಿದ ಗೋಣಿ, ಇನ್ನೊಂದರ ತಳದಲ್ಲಿ ಹತ್ತು ಕಿಲೋ. ತುಂಬಿದ ಗೋಣಿ ಸರಿಯಾಗಿಯೇ ಇತ್ತು. ಆದರೆ ಬಾಯಿ ಬಿಚ್ಚಿದ ಗೋಣಿಯಲ್ಲಿ ಅಕ್ಕಿ ಅರ್ಧಕ್ಕಿಂತ ಮೇಲೆಯೇ ಇತ್ತು!

ಕದ್ದಿದ್ದರೆ ಕಡಿಮೆಯಾಗಬೇಕಿತ್ತು. ಇಲ್ಲಿ ಹೆಚ್ಚಾಗಿದೆ. ನನ್ನ ಎದೆ ಡವಗುಟ್ಟಿತು. ಪಕ್ಕದ ಅಂಗಡಿಯಿಂದ ತಕ್ಕಡಿ ಮತ್ತು ತೂಕದ ಕಲ್ಲುಗಳನ್ನು ತಂದೆ. ಆ ಗೋಣಿಯಲ್ಲಿ ಮೂವತ್ತನಾಲ್ಕು ಕಿಲೋ ಇತ್ತು. ಇಪ್ಪತ್ತನಾಲ್ಕು ಕಿಲೋ ಹೆಚ್ಚು.

ಆಮೇಲೆ ಅಕ್ಕನ ಸೇರನ್ನು ಕೇಳಿ ತೆಗೆದುಕೊಂಡೆ. ಅಕ್ಕಿ ತುಂಬಿ, ಬಾಯಿ ಸವರಿ, ತಕ್ಕಡಿಯ ತಟ್ಟೆಗೆ ಸುರಿದೆ. ಇನ್ನೊಂದು ತಟ್ಟೆಗೆ ಐದುನೂರರ ಕಲ್ಲು ಹಾಕಿದೆ, ಇನ್ನೂರರದ್ದು ಹಾಕಿದೆ, ಮತ್ತೊಂದು ಇನ್ನೂರರದ್ದು ಹಾಕಿದೆ. ಮುಳ್ಳು ನೆಟ್ಟಗೆ ನಿಂತಿತು. ಒಂಬೈನೂರು ಗ್ರಾಂ. ಒಂದು ಕಿಲೋಗೆ ಒಂದು ಸೇರು ಎಂದು ಹಿಡಿದಾಗಲೆಲ್ಲ ನೂರು ಗ್ರಾಂ ಗೋಣಿಯಲ್ಲೇ ಉಳಿದಿತ್ತು. ಹನ್ನೆರಡು ಸೇರಿಗೆ ಒಂದು ಕಿಲೋ ಇನ್ನೂರು ಗ್ರಾಂ. ಅದು ಹನ್ನೆರಡು ಮಕ್ಕಳ ಒಂದು ದಿನದ ಪಾಲು. ಇಪ್ಪತ್ತು ದಿನಕ್ಕೆ ಇಪ್ಪತ್ತನಾಲ್ಕು ಕಿಲೋ, ಅಂದರೆ ನೂರ ಇಪ್ಪತ್ತು ಮಕ್ಕಳ ಎರಡು ದಿನದ ಊಟ. ಅದನ್ನು ನಾನು ಗೋಣಿಯಲ್ಲಿ ಕಟ್ಟಿಟ್ಟು, ಪುಸ್ತಕದಲ್ಲಿ ‘ಖರ್ಚಾಯಿತು’ ಎಂದು ಬರೆದಿದ್ದೆ.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ನೀವು ಮೊದಲು ಅಳೆಯುತ್ತಿದ್ದ ಹಾಗೆ ಒಮ್ಮೆ ಅಳೆಯಿರಿ,” ಎಂದೆ. ಅವಳು ಸೇರನ್ನು ಹೂತು ಎತ್ತಿದಳು. ಬಾಯಿ ಸವರಲಿಲ್ಲ. ಮೇಲೆ ಸ್ವಲ್ಪ ಅಕ್ಕಿ ಉಬ್ಬಿ ನಿಂತಿತ್ತು. ತೂಗಿದೆ. ಒಂಬೈನೂರ ಇಪ್ಪತ್ತು. ಹದಿಮೂರರಿಂದ ಗುಣಿಸಿದೆ. ಹನ್ನೊಂದು ಸಾವಿರದ ಒಂಬೈನೂರ ಅರವತ್ತು ಗ್ರಾಂ. ಹನ್ನೆರಡು ಕಿಲೋಗೆ ನಲವತ್ತು ಗ್ರಾಂ ಮಾತ್ರ ಕಡಿಮೆ! ಓದು ಬಾರದ ಆ ಅಕ್ಕನ ಕೈ ಹನ್ನೆರಡು ಕಿಲೋವನ್ನು ನನಗಿಂತ ಚೆನ್ನಾಗಿ ಬಲ್ಲದ್ದಾಗಿತ್ತು.

“ಅಕ್ಕ, ತಪ್ಪು ನನ್ನದು,” ಎಂದೆ. ಅವಳು ಏನೂ ಹೇಳಲಿಲ್ಲ. ಸೇರನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿ ಅದರ ಜಾಗದಲ್ಲಿ ಇಟ್ಟಳು. ಅವಳು ಮತ್ತೆ ಎಣಿಕೆಯನ್ನು ಗಟ್ಟಿಯಾಗಿ ಹೇಳತೊಡಗಿದ್ದು ಅದಾಗಿ ಎಷ್ಟೋ ದಿನಗಳ ಮೇಲೆ.

ನನ್ನ ತಪ್ಪು ಎಲ್ಲಿ ಆಯಿತು? ನಾನು ಪುಸ್ತಕದಲ್ಲಿ ಓದಿದ ಎಂಬತ್ತು ತೊಲದ ಸೇರು ತೂಕದ ಸೇರು. ತಕ್ಕಡಿಗೆ ಹಾಕುವ ಕಲ್ಲಿನ ಹೆಸರು ಅದು. ಅಕ್ಕನ ಕೈಯಲ್ಲಿದ್ದದ್ದು ಅಳತೆಯ ಸೇರು, ಒಂದು ಪಾತ್ರೆ. ಎರಡಕ್ಕೂ ಹೆಸರು ಒಂದೇ ಆದ ಕಾರಣ ನಾನು ಮೋಸಹೋದೆ. ಕಲ್ಲು ಭಾರವನ್ನು ಹೇಳುತ್ತದೆ. ಪಾತ್ರೆ ಜಾಗವನ್ನು ಹೇಳುತ್ತದೆ. ಪಾತ್ರೆಯೊಳಗೆ ಏನಿದೆ ಎಂದು ತಿಳಿಯದೆ ಅದರ ಭಾರ ಹೇಳಲು ಬರುವುದಿಲ್ಲ. ಅಕ್ಕಿಯದ್ದೋ, ಹೊದಳಿನದ್ದೋ ಎಂದು ಅಜ್ಜಿ ಕೇಳಿದ್ದು ಇದನ್ನೇ.

ತಕ್ಕಡಿಯನ್ನು ಕೂಡಲೇ ಮರಳಿ ಕೊಡಲು ನನಗೆ ಮನಸ್ಸಾಗಲಿಲ್ಲ. ಅಂಗಡಿಯವರನ್ನು ಕೇಳಿಕೊಂಡು ಒಂದು ದಿನ ನಾಲ್ಕನೆಯ ತರಗತಿಯಲ್ಲಿ ಇರಿಸಿಕೊಂಡೆ. ಇನ್ನೂರು ಮಿಲ್ಲಿಲೀಟರಿನ ಒಂದು ಅಳತೆಯ ಪಾತ್ರೆಯನ್ನೂ ತಂದೆ. ಮನೆಯಿಂದ ಏನಾದರೂ ಒಂದೊಂದು ವಸ್ತು ತರಲು ಮಕ್ಕಳಿಗೆ ಹೇಳಿದೆ. ಆ ದಿನದಷ್ಟು ಗಲಾಟೆಯ ಗಣಿತ ಪಾಠವನ್ನು ನಾನು ಇನ್ನೆಂದೂ ಮಾಡಿಲ್ಲ.

ಮೊದಲು ನೀರು. ಪಾತ್ರೆ ತುಂಬ ನೀರು ಇನ್ನೂರು ಗ್ರಾಂ ತೂಗಿತು. ಇನ್ನೂರು ಮಿಲ್ಲಿಲೀಟರಿಗೆ ಇನ್ನೂರು ಗ್ರಾಂ. ಇದು ಆಕಸ್ಮಿಕವಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಈ ಅಳತೆಗಳನ್ನು ಗೊತ್ತುಮಾಡಿದವರು ಒಂದು ಲೀಟರ್ ನೀರಿನ ತೂಕವನ್ನೇ ಒಂದು ಕಿಲೋಗ್ರಾಂ ಎಂದು ಕರೆದಿದ್ದರು. ಲೀಟರ್ ಎಂದರೆ ಕಿಲೋ ಎಂದು ಅನೇಕರು ತಿಳಿಯುವುದು ಇದರಿಂದಲೇ. ನೀರಿನ ಮಟ್ಟಿಗೆ ಅದು ಸರಿ.

ಆಮೇಲೆ ತೆಂಗಿನೆಣ್ಣೆ. ಅದೇ ಪಾತ್ರೆ, ಅದೇ ಮಟ್ಟ. ತೂಕ ಮಾತ್ರ ಇನ್ನೂರಕ್ಕೆ ಹದಿನೇಳು ಹದಿನೆಂಟು ಗ್ರಾಂ ಕಡಿಮೆ. ಎಣ್ಣೆ ನೀರಿನ ಮೇಲೆ ತೇಲುವುದನ್ನು ನೀವು ನೋಡಿದ್ದೀರಿ, ಅದು ನೀರಿಗಿಂತ ಹಗುರ. ಈಗ ನಿಮ್ಮ ಮನೆಯಲ್ಲಿ ಒಂದು ಲೀಟರ್ ಎಣ್ಣೆಯ ಪೊಟ್ಟಣವಿದ್ದರೆ ಅದರ ಮೇಲೆ ಬರೆದದ್ದನ್ನು ಓದಿರಿ. ಒಂದು ಲೀಟರ್ ಎಂಬುದರ ಪಕ್ಕದಲ್ಲಿ ಸುಮಾರು 910 ಗ್ರಾಂ ಎಂದೂ ಇರುತ್ತದೆ. ಒಂದು ಕಿಲೋ ಎಣ್ಣೆ ಬೇಕೆಂದು ಹೋಗಿ ಒಂದು ಲೀಟರ್ ತಂದವರು ತೊಂಬತ್ತು ಗ್ರಾಂ ಕಡಿಮೆ ತಂದಂತಾಯಿತು.

ಅಕ್ಕಿ ಸುಮಾರು ನೂರ ಅರವತ್ತೈದು ಗ್ರಾಂ ತೂಗಿತು. ಸಕ್ಕರೆ ಹೆಚ್ಚು ಕಡಿಮೆ ಅಷ್ಟೇ. ಪುಡಿ ಉಪ್ಪು ಇನ್ನೂರ ನಲವತ್ತರ ಹತ್ತಿರ ಹೋಯಿತು. ತೆಳು ಅವಲಕ್ಕಿ ಐವತ್ತು ಗ್ರಾಂ ಕೂಡ ಆಗಲಿಲ್ಲ. ಹೊದಳು ತಂದ ಹುಡುಗಿ ಪಾತ್ರೆ ತುಂಬಿ ರಾಶಿ ಮಾಡಿ ಸುರಿದಳು. ಎದುರಿನ ತಟ್ಟೆಯಲ್ಲಿ ಐವತ್ತರ ಕಲ್ಲು ಇತ್ತು. ತಕ್ಕಡಿ ಅಲುಗಲೇ ಇಲ್ಲ. “ಮಾಷ್ಟ್ರೇ, ತಕ್ಕಡಿ ಹಾಳಾಗಿದೆ!” ಎಂದು ಅವಳು ಕೂಗಿದಳು.

ಗೋಧಿ ಹಿಟ್ಟಿನದ್ದು ಬೇರೆಯೇ ಕತೆ. ಒಬ್ಬ ಹುಡುಗ ಹಿಟ್ಟನ್ನು ಜರಡಿಯಲ್ಲಿ ಗಾಳಿಸಿ ಮೆಲ್ಲಗೆ ಪಾತ್ರೆಗೆ ತುಂಬಿದ. ನೂರು ಗ್ರಾಂ ಬಂತು. ಇನ್ನೊಬ್ಬ ಅದೇ ಪಾತ್ರೆಯನ್ನು ಮೇಜಿಗೆ ಕುಟ್ಟಿ ಕುಟ್ಟಿ ಒತ್ತಿ ತುಂಬಿದ. ನೂರ ಮೂವತ್ತು ಬಂತು. ಹಿಟ್ಟು ಒಂದೇ, ಪಾತ್ರೆ ಒಂದೇ, ಕೈ ಮಾತ್ರ ಬೇರೆ. ಕಾಳಿನ ನಡುವೆ, ಹಿಟ್ಟಿನ ನಡುವೆ ಗಾಳಿ ಇರುತ್ತದೆ. ಪಾತ್ರೆಗೆ ಗಾಳಿಯೂ ಬೇಕು, ಕಾಳೂ ಬೇಕು, ಎರಡಕ್ಕೂ ಒಂದೇ ಜಾಗ ಕೊಡುತ್ತದೆ. ತಕ್ಕಡಿಗೆ ಗಾಳಿಯ ಲೆಕ್ಕವಿಲ್ಲ. ಸಂಶಯವಿದ್ದರೆ ಒಂದು ಲೋಟ ತುಂಬ ಅಕ್ಕಿ ಹಾಕಿ, ಮೆಲ್ಲಗೆ ನೀರು ಹೊಯ್ದು ನೋಡಿ. ತುಂಬಿದ ಲೋಟವೇ ಇನ್ನೂ ಕಾಲು ಲೋಟಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ.

ಆಗ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು, “ನಮ್ಮ ಅಮ್ಮ ಇಡ್ಲಿಗೆ ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು ಹಾಕುತ್ತಾರೆ. ತೂಗುವುದೇ ಇಲ್ಲ. ಆದರೂ ಇಡ್ಲಿ ಚೆನ್ನಾಗಿ ಆಗುತ್ತದಲ್ಲ?”

ಒಳ್ಳೆಯ ಪ್ರಶ್ನೆ. ಮೂರಕ್ಕೆ ಒಂದು ಎಂಬಲ್ಲಿ ಎರಡಕ್ಕೂ ಒಂದೇ ಲೋಟ ಬಳಸಿದರೆ ಸಾಕು. ಲೋಟ ದೊಡ್ಡದಾದರೆ ಇಡ್ಲಿ ಹೆಚ್ಚು, ಸಣ್ಣದಾದರೆ ಕಡಿಮೆ, ಅಷ್ಟೇ. ಅಕ್ಕಿ ಮತ್ತು ಉದ್ದು ಒಂದೇ ಅಳತೆಗೆ ಹೆಚ್ಚು ಕಡಿಮೆ ಒಂದೇ ತೂಕ ಬರುವುದರಿಂದ ಮೂರು ಕಿಲೋಗೆ ಒಂದು ಕಿಲೋ ಎಂದರೂ ನಡೆಯುತ್ತದೆ. ಅಕ್ಕಿಯನ್ನು ಲೋಟದಲ್ಲಿ ಅಳೆದು ಅವಲಕ್ಕಿಯನ್ನು ಕಿಲೋದಲ್ಲಿ ತಂದರೆ ಮಾತ್ರ ಅಮ್ಮನ ಇಡ್ಲಿ ಕೆಡುತ್ತದೆ. ನಮ್ಮ ಅಜ್ಜಿ ಅಕ್ಕಿ, ಬೇಳೆಗಳನ್ನು ಅಳೆಯುತ್ತಿದ್ದರು, ಬೆಲ್ಲ, ಹುಣಸೆಹುಳಿಗಳನ್ನು ತೂಗಿಸಿ ತರಿಸುತ್ತಿದ್ದರು. ಬೆಲ್ಲದ ಮುದ್ದೆಯನ್ನು ಸೇರಿನಲ್ಲಿ ಹೇಗೆ ಅಳೆಯುವುದು? ಕೂರದ ಮೂಲೆಗಳೇ ಹೆಚ್ಚು.

ಈಗಿನ ಅಡುಗೆ ಪುಸ್ತಕಗಳಲ್ಲಿ ‘ಒಂದು ಕಪ್’ ಎಂದು ಬರೆಯುತ್ತಾರೆ. ಅಮೆರಿಕದ ಕಪ್ ಸುಮಾರು 240 ಮಿಲ್ಲಿಲೀಟರ್, ಆಸ್ಟ್ರೇಲಿಯದ್ದು 250, ಜಪಾನಿನದ್ದು 200. ನಮ್ಮ ಮನೆಯ ಚಹಾದ ಕಪ್ ಇವು ಯಾವುವೂ ಅಲ್ಲದಿರಬಹುದು! ಚಮಚದ ಕತೆಯೂ ಹೀಗೆಯೇ. ಐದು ಮಿಲ್ಲಿಲೀಟರಿನ ಚಮಚದಲ್ಲಿ ಸಕ್ಕರೆ ನಾಲ್ಕು ಗ್ರಾಂ ಹಿಡಿದರೆ, ಪುಡಿ ಉಪ್ಪು ಆರು ಗ್ರಾಂ ಹಿಡಿಯುತ್ತದೆ.

ಆದ್ದರಿಂದ ನಾವು ಆ ದಿನ ತರಗತಿಯಲ್ಲಿ ಒಂದು ಕ್ರಮ ಮಾಡಿಕೊಂಡೆವು. ಮನೆಯಲ್ಲಿ ದಿನಾ ಬಳಸುವ ಒಂದು ಪಾತ್ರೆಯನ್ನು ಆರಿಸಿಕೊಳ್ಳುವುದು. ಅದರಲ್ಲಿ ತುಂಬುವ ವಸ್ತುವನ್ನು ಒಂದೇ ಒಂದು ಸಲ ತೂಗಿ ಬರೆದಿಡುವುದು. ಆಮೇಲೆ ತಕ್ಕಡಿ ಬೇಡ. ಎಷ್ಟು ಗ್ರಾಂ ಬೇಕೋ ಅದನ್ನು ಬರೆದಿಟ್ಟ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಪಾತ್ರೆ ಎಂದು ತಿಳಿಯುತ್ತದೆ. ಪಾತ್ರೆಗಳ ಎಣಿಕೆಯನ್ನು ಅದೇ ಸಂಖ್ಯೆಯಿಂದ ಗುಣಿಸಿದರೆ ಗ್ರಾಂ ತಿಳಿಯುತ್ತದೆ. ಅಕ್ಕಿಗೆ ಒಂದು ಸಂಖ್ಯೆ, ಹಿಟ್ಟಿಗೆ ಬೇರೆ ಸಂಖ್ಯೆ. ಒಂದರದ್ದನ್ನು ಇನ್ನೊಂದಕ್ಕೆ ಬಳಸುವಂತಿಲ್ಲ.

ಅಡುಗೆಮನೆಯ ಲೆಕ್ಕವನ್ನು ಮಕ್ಕಳೇ ಮಾಡಿದರು. ಹನ್ನೆರಡು ಸಾವಿರ ಗ್ರಾಂ ಅಕ್ಕಿ. ಬಾಯಿ ಸವರಿದ ಸೇರಿಗೆ ಒಂಬೈನೂರು. ಭಾಗಿಸಿದಾಗ ಹದಿಮೂರು ಬಂತು, ಮುನ್ನೂರು ಶೇಷ ಉಳಿಯಿತು. ಮುನ್ನೂರು ಎಂದರೆ ಸೇರಿನ ಮೂರನೆಯ ಒಂದು ಭಾಗ. ಅಕ್ಕನಿಗೆ ಓದಲು ಬಾರದ ಕಾರಣ ನಾನು ಅಡುಗೆಮನೆಯ ಗೋಡೆಯಲ್ಲಿ ಇದ್ದಿಲಿನಿಂದ ಹದಿಮೂರು ಉದ್ದ ಗೆರೆಗಳನ್ನು ಎಳೆದೆ. ಕೊನೆಗೆ ಒಂದು ಗಿಡ್ಡ ಗೆರೆ. ಗೋಣಿಯಲ್ಲಿ ಉಳಿದಿದ್ದ ಇಪ್ಪತ್ತನಾಲ್ಕು ಕಿಲೋವನ್ನು ಮುಖ್ಯೋಪಾಧ್ಯಾಯರಿಗೆ ಇದ್ದದ್ದು ಇದ್ದ ಹಾಗೆ ತಿಳಿಸಿದೆ. ಪುಸ್ತಕವನ್ನು ತಿದ್ದಿ ಬರೆದೆವು. ಮುಂದಿನ ವಾರಗಳಲ್ಲಿ ಆ ಅಕ್ಕಿ ಮಕ್ಕಳ ಬಟ್ಟಲಿಗೇ ಹೋಯಿತು.

ಮರುದಿನ ಬೆಳಿಗ್ಗೆ ಅಕ್ಕ ಗೆರೆಗಳನ್ನು ನೋಡಿ ನೋಡಿ ಅಳೆದಳು. ಹದಿಮೂರು ಸೇರು, ಮೇಲೆ ಸೇರಿನ ಮೂರನೆಯ ಒಂದು ಪಾಲು. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಅವಳು ಗೋಣಿಗೆ ಕೈ ಹಾಕಿ ಒಂದು ಮುಷ್ಟಿ ಅಕ್ಕಿ ತೆಗೆದು ಚರಿಗೆಗೆ ಹಾಕಿದಳು.

“ಇದು ಯಾವ ಲೆಕ್ಕ ಅಕ್ಕ?” ಎಂದು ಕೇಳಿದೆ. ಈ ಸಲ ಮೆಲ್ಲಗೆ ಕೇಳಿದೆ.

“ಮಳೆಗೆ ಅಮ್ಮಂದಿರೆಲ್ಲ ಗದ್ದೆಗೆ ಹೋಗಿದ್ದಾರೆ ಮಾಷ್ಟ್ರೇ,” ಎಂದಳು ಅಕ್ಕ. “ಮಕ್ಕಳು ಪುಟ್ಟ ತಮ್ಮನನ್ನೋ ತಂಗಿಯನ್ನೋ ಕರಕೊಂಡು ಬಂದಾರು. ಅವರ ಹೆಸರು ನಿಮ್ಮ ಪುಸ್ತಕದಲ್ಲಿ ಇರುವುದಿಲ್ಲ.”

ಆ ಮಧ್ಯಾಹ್ನ ಸಾಲಿನ ಕೊನೆಯಲ್ಲಿ ಎರಡನೆಯ ತರಗತಿಯ ಆ ಹುಡುಗ ನಿಂತಿದ್ದ. ಅವನ ಅಂಗಿಯ ತುದಿ ಹಿಡಿದುಕೊಂಡು, ಕೈಯಲ್ಲಿ ಒಂದು ತೆಂಗಿನ ಗೆರಟೆ ಹಿಡಿದ ಮೂರು ವರ್ಷದ ತಂಗಿಯೂ ನಿಂತಿದ್ದಳು.